ಚಹಾಕ್ಕೆ ಮುಂಚಿನ ಪಿತ್ತ

೧೯೩೮, ಜೂನ್ ೧೨, ಭಾನುವಾರ. ಬೆಳಗಿನ ಎಂಟೂಕಾಲಿಗೆ ಬರೆಯಲು ಕೂತಿದ್ದೇನೆ. ನಳದ ನೀರು ನಿಂತಿದೆ, ವಾಡೆಯಲ್ಲಿ ಜಗಳವಿಲ್ಲ.

ಮನುಷ್ಯರನ್ನು ಒಬ್ಬೊಬ್ಬರಾಗಿ ಅರಿಯುವ ತಾಳ್ಮೆ ಇಲ್ಲದವರು ಅವರನ್ನು ಪಂಗಡ ಕಟ್ಟಿ ಇಡುತ್ತಾರೆ. ನಾನು ಆ ಪೈಕಿ. ಕೊಡೆ ಮರೆತುಬಂದ ದಿನಗಳಿಗೂ ದಿನಚರಿಯಲ್ಲಿ ಗೀಟು ಹಾಕುವ ನನಗೆ, ನೆರೆಹೊರೆಯವರು ಯಾವ ಲೆಕ್ಕಕ್ಕೂ ಸಿಗದೆ ಓಡಾಡುವುದು ಮೊದಲಿನಿಂದಲೂ ಕಸಿವಿಸಿಯ ವಿಷಯ. ಹೀಗಿರುವಾಗ ವಾಚನಾಲಯದ ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಪುರಾತನ ಗ್ರೀಕರು ಸಿಕ್ಕರು. ಅವರ ಪ್ರಕಾರ ನಮ್ಮೊಳಗೆ ನಾಲ್ಕು ರಸಗಳಿವೆ. ರಕ್ತ ಹೆಚ್ಚಾದವನು ಉಲ್ಲಾಸಿ, ಕಫ ಹೆಚ್ಚಾದವನು ನಿಧಾನಿ, ಹಳದಿ ಪಿತ್ತದವನು ಸಿಡುಕ, ಕರಿಪಿತ್ತದವನು ಸದಾ ಚಿಂತೆಯವನು. ಎಷ್ಟು ಅಚ್ಚುಕಟ್ಟು! ಓದಿ ಮುಗಿಸುವ ಮುನ್ನವೇ ನಾನು ಉಲ್ಲಾಸಿಯೆಂದು ತೀರ್ಮಾನಿಸಿಕೊಂಡೆ.

ಈ ವಿದ್ಯೆಗೆ ಕೆಲಸವೂ ಕಾದಿತ್ತು. ಪುಣೆಯ ಶನಿವಾರ ಪೇಠೆಯ ನಮ್ಮ ವಾಡೆಯಲ್ಲಿ ಎಲ್ಲ ಬಿಡಾರಗಳಿಗೂ ಸೇರಿ ಅಂಗಳದಲ್ಲಿ ಒಂದೇ ನಳ. ಬೆಳಿಗ್ಗೆ ನೀರು ಬಂದೊಡನೆ ಕೊಡಗಳ ಜೊತೆ ಮಾತುಗಳೂ ಡಿಕ್ಕಿ ಹೊಡೆಯುತ್ತಿದ್ದವು. ಒಂದು ದಿನ ಮಾಲೀಕರು ನನ್ನನ್ನು ಕರೆದು, ಶ್ರಾವಣದೊಳಗೆ ಈ ಗದ್ದಲ ನಿಲ್ಲದಿದ್ದರೆ ಒಂದು ಬಿಡಾರ ಕಡಿಮೆ ಮಾಡುವುದಾಗಿ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ತಿಳಿಸಿದರು. ಸಂಸಾರಸ್ಥರನ್ನು ಎಬ್ಬಿಸುವುದು ಕಷ್ಟ. ಅಟ್ಟದ ಕೋಣೆಯ ನನ್ನಂಥ ಬ್ರಹ್ಮಚಾರಿಗಾದರೆ ಒಂದು ಟ್ರಂಕು, ಒಂದು ಹಾಸಿಗೆ. ಪುಣೆಯಲ್ಲಿ ಒಂಟಿ ಗಂಡಸಿಗೆ ಕೋಣೆ ಸಿಗುವುದಕ್ಕಿಂತ ಹೆಣ್ಣು ಸಿಗುವುದು ಸುಲಭ. ಕೋಣೆಯಿಲ್ಲದೆ ಹೆಣ್ಣೂ ಸಿಗುವುದಿಲ್ಲ. ಆದ್ದರಿಂದ, ನಾನೇ ಎಲ್ಲರ ಸ್ವಭಾವ ಪರೀಕ್ಷಿಸಿ ಸರದಿ ಹಾಕಿಕೊಡುತ್ತೇನೆಂದು ಒಪ್ಪಿಕೊಂಡು ಬಂದೆ. ಸಿಡುಕರು ಮೊದಲು, ಚಿಂತೆಯವರು ಆಮೇಲೆ, ನಿಧಾನಿಗಳು ಕೊನೆಗೆ. ಉಲ್ಲಾಸಿಗಳನ್ನು ನಡುವೆ ಎಲ್ಲಿಯಾದರೂ ಸೇರಿಸಬಹುದು.

ಮರುದಿನದಿಂದ ಬೆಳಗಿನ ಆರು ಗಂಟೆಗೇ ಪೆನ್ಸಿಲ್ ಹಿಡಿದು ನಳದ ಪಕ್ಕ ನಿಂತೆ. ಧಾರವಾಡದ ಕಡೆಯ ನಿವೃತ್ತ ಮಾಸ್ತರರಾದ ಗೋಪಾಳರಾಯರು ಯಾರದೋ ಕೊಡವನ್ನು ಕಾಲಿನಿಂದ ಸರಿಸಿದರು, ಹಳದಿ ಪಿತ್ತ. ಅವರ ಪಕ್ಕದ ಬಿಡಾರದ, ದಿನವಿಡೀ ದನಿ ಎತ್ತದ ವಾಮನರಾಯರು ನಿಧಾನಿಯೆಂದು ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ. ಅವರು ಅಂದು ಗೋಪಾಳರಾಯರ ಪೂರ್ವಜರನ್ನು ನೆನೆದರು, ಹಳದಿ ಪಿತ್ತ. ಮೆಟ್ಟಿಲ ಕೆಳಗಿನ ಮನೆಯ ಇಂದಿರಾಕಾಕು ಬೆಳಗಾವಿಯವರು, ಎಲ್ಲರನ್ನೂ ಬಲ್ಲ ಮುದುಕಿ. ನನ್ನ ಪೆನ್ಸಿಲನ್ನು ನೋಡಿದ ಬಗೆಯಲ್ಲೇ ಅವರ ಪಿತ್ತವೂ ಗೊತ್ತಾಯಿತು. ವಾರ ಮುಗಿಯುವಷ್ಟರಲ್ಲಿ ಇಡೀ ವಾಡೆ ಒಂದೇ ಪಂಗಡಕ್ಕೆ ಸೇರಿತು. ಎಲ್ಲರೂ ಮೊದಲಿಗರಾದ ಮೇಲೆ ಸರದಿ ಹಾಕುವುದು ಹೇಗೆ?

ಗ್ರೀಕರು ಹಳಬರಾದರು, ಆಧುನಿಕ ಶಾಸ್ತ್ರವನ್ನು ನೋಡೋಣವೆಂದುಕೊಂಡೆ. ಒಂದು ವಿಲಾಯತಿ ವಾರಪತ್ರಿಕೆಯಲ್ಲಿ ಮನುಷ್ಯರನ್ನು ಅಂತರ್ಮುಖಿ, ಬಹಿರ್ಮುಖಿ ಎಂದು ಎರಡೇ ಪಾಲು ಮಾಡುವ ಪ್ರಶ್ನಾವಳಿ ಬಂದಿತ್ತು. ಅದರ ಮೊದಲ ಪ್ರಶ್ನೆಯನ್ನು, ಜನರ ಗುಂಪಿನಲ್ಲಿರುವುದು ತಮಗೆ ಇಷ್ಟವೇ ಎಂಬುದನ್ನು, ಎರಡೂ ಕೈಯಲ್ಲಿ ಖಾಲಿ ಬಕೀಟು ಹಿಡಿದು ನಿಂತಿದ್ದ ಗೋಪಾಳರಾಯರನ್ನೇ ಕೇಳಿದೆ.

"ತಮ್ಮಾ, ನಾ ಈಗ ಎಲ್ಲಿ ನಿಂತೀನಿ ಅನ್ನೋದು ನಿನಗ ಕಾಣಸ್ತದೋ ಇಲ್ಲೋ?" ಎಂದರು. ಎರಡನೆಯ ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಆ ಸಂಜೆ ಟ್ರಂಕಿನ ಬೀಗ ಸರಿಯಾಗಿ ಹಾಕಲು ಬರುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಇಂದಿರಾಕಾಕು ಅವಲಕ್ಕಿ ಕೊಡಲು ಅಟ್ಟ ಹತ್ತಿ ಬಂದವರು ಟ್ರಂಕನ್ನೂ ನನ್ನ ಮುಖವನ್ನೂ ನೋಡಿ ಸಂಗತಿ ಏನೆಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ನಾಲ್ಕು ರಸಗಳ ಕಥೆಯನ್ನು ಗಂಭೀರವಾಗಿಯೇ ಕೇಳಿದರು.

"ವಾತ, ಪಿತ್ತ, ಕಫ ಅಂತ ನಮಗ ಮೂರ ಭಾಳ ಆಗ್ಯಾವ. ನಾಕನೇದು ಯಾಕ ತಂದ್ಯೋ? ಅದಿರ್ಲಿ, ಇದನ್ನೆಲ್ಲಾ ಯಾವಾಗ ನೋಡ್ದಿ?"

ಬೆಳಿಗ್ಗೆ ಆರಕ್ಕೆ ಎಂದೆ.

"ಚಹಾ ಕುಡಿಯೋಕಿಂತ ಮೊದಲ ಮನುಷ್ಯಾನ ಗುಣ ನೋಡ್ತಾರೇನು, ಹುಚ್ಚಪ್ಪಾ? ಆಗ ದೇವರೂ ಸಿಟ್ಟಿನ್ಯಾಗ ಇರ್ತಾನ."

ಆಗ ನನಗೆ ಇಡೀ ಚಕ್ರ ಕಣ್ಣಿಗೆ ಬಿತ್ತು. ನಮ್ಮ ವಾಡೆಯಲ್ಲಿ ರಾತ್ರಿ ಉಳಿದ ನೀರನ್ನು ಒಲೆಯ ಮೇಲೆ ಇಡುವುದಿಲ್ಲ, ಅದು ಪಾತ್ರೆ ತೊಳೆಯಲು ಮಾತ್ರ. ಹೊಸ ನೀರು ಬಾರದೆ ಚಹಾ ಇಲ್ಲ. ಚಹಾ ಇಲ್ಲದ್ದರಿಂದ ಜಗಳ. ಜಗಳದಿಂದ ನೀರು ತಡ, ನೀರು ತಡವಾದದ್ದರಿಂದ ಚಹಾ ಇನ್ನೂ ತಡ. ಹಾಗಾದರೆ ರಾತ್ರಿಯ ನೀರಿನಲ್ಲೇ ಚಹಾ ಮಾಡಬಾರದೇ ಎಂದು ಅಂಜುತ್ತ ಕೇಳಿದೆ. ಮಡಿಯ ವಿಷಯದಲ್ಲಿ ಇಂದಿರಾಕಾಕು ಹೇಳಿದ್ದೇ ವಾಡೆಗೆಲ್ಲ ಕಾಯಿದೆ. ಅವರು ಅವಲಕ್ಕಿಯ ತಟ್ಟೆಯನ್ನು ಟ್ರಂಕಿನ ಮೇಲಿಟ್ಟು ಸೆರಗು ಸರಿಪಡಿಸಿಕೊಂಡರು. ನನ್ನ ಕೋಣೆ ಅವರ ಒಂದು ಮಾತಿನಲ್ಲಿ ತೂಗಾಡುತ್ತಿತ್ತು.

"ಹಾಲು ಬಿದ್ದ ಮ್ಯಾಲ ಅದು ನೀರ ಅಲ್ಲ," ಎಂದರು ಕೊನೆಗೆ. "ಹಾಲಿಗೆ ಮೈಲಿಗಿ ಇಲ್ಲ."

ಮರುದಿನ ನಳಕ್ಕಿಂತ ಮುಂಚೆ ಅವರ ಒಲೆಯ ಮೇಲೆ ದೊಡ್ಡ ಪಾತೇಲಿ ಏರಿತ್ತು. ಚಹಾದ ಕಪ್ಪು-ಬಸಿ ಹಿಡಿದ ಕೈಗೆ ಇನ್ನೊಬ್ಬರ ಕೊಡ ಸರಿಸಲು ಬಿಡುವಿರುವುದಿಲ್ಲ. ವಾಮನರಾಯರು ಹಿಂದೆ ಸರಿದು ನಿಂತು, "ಮೊದಲ ನೀವು ತುಂಬ್ರಿ, ಮಾಸ್ತರ," ಎಂದರು. ಇಲ್ಲ, ನೀವೇ ಎಂದರು ಗೋಪಾಳರಾಯರು. ಇಬ್ಬರ ಉಪಚಾರದಲ್ಲಿ ನೀರು ಅಷ್ಟು ಹೊತ್ತು ಮೋರಿಗೆ ಹರಿಯಿತು. ಈಗ ಮನೆಗೊಂದು ದಿನದಂತೆ ಚಹಾದ ಸರದಿ ನಡೆದಿದೆ. ನಿನ್ನೆ ಮಾಲೀಕರೂ ಬಸಿ ಹಿಡಿದು ಬಂದು ನಿಂತು ಕುಡಿದರು. ಶ್ರಾವಣದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಟ್ರಂಕಿನ ಮೇಲೆ ಪುಸ್ತಕಗಳನ್ನು ಜೋಡಿಸಿಟ್ಟಿದ್ದೇನೆ.

ಇಷ್ಟಾದ ಮೇಲೆ ಎಲ್ಲರನ್ನೂ ಹೊಸದಾಗಿ ಪರೀಕ್ಷಿಸಿದೆ. ಎಲ್ಲರೂ ಉಲ್ಲಾಸಿಗಳು. ಒಬ್ಬ ಮಾತ್ರ ಮೊದಲು ಹೇಗಿದ್ದನೋ ಹಾಗೆಯೇ ಮುಖ ಬಿಗಿದುಕೊಂಡು ನಳದ ಪಕ್ಕ ಗೀಟು ಎಳೆಯುತ್ತ ನಿಂತಿರುತ್ತಾನೆಂದು ಇಂದಿರಾಕಾಕು ಎಲ್ಲರ ಮುಂದೆ ಹೇಳಿದರು. ನಾನು ಚಹಾ ಕುಡಿಯುವವನಲ್ಲ. ನಾಳೆಯಿಂದ ಅರ್ಧ ಕಪ್ಪು ಪ್ರಯತ್ನಿಸಿ ನೋಡುವವನಿದ್ದೇನೆ.

ಒಂದು ಸಂಶಯ ಉಳಿದಿದೆ. ಗ್ರೀಕರ ಕಾಲಕ್ಕೆ ಚಹಾ ಇರಲಿಲ್ಲವಷ್ಟೆ. ಹಾಗಾದರೆ ಅವರಿಗೆ ಆ ಉಲ್ಲಾಸಿಗಳು ಎಲ್ಲಿ ಸಿಕ್ಕರು, ದಿನದ ಯಾವ ಹೊತ್ತಿನಲ್ಲಿ ಸಿಕ್ಕರು? ಬಲ್ಲವರು ಯಾರಾದರೂ ದಯವಿಟ್ಟು ಬರೆದು ತಿಳಿಸಬೇಕು. ವಿಳಾಸಕ್ಕೆ ಅಟ್ಟದ ಕೋಣೆ ಎಂದರೆ ಸಾಕು. ನಾನು ಇನ್ನೂ ಅಲ್ಲಿಯೇ ಇದ್ದೇನೆ.