ಸೀನಿದ ಬಸ್ಸು

ಬಾನೆಟ್ಟು ತೆರೆದು ನಿಂತವನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ಯುದ್ಧದ ಕಾಲ, ಪೆಟ್ರೋಲು ಅಳೆದು ಕೊಡುತ್ತಿದ್ದರು. ಕೊಪ್ಪಳ–ಕುಷ್ಟಗಿ ಬಸ್ಸಿಗೆ ನಾನೇ ಡ್ರೈವರು, ನಾನೇ ಮೆಕ್ಯಾನಿಕ್ಕು. ಬಸ್ಸಿನ ಒಡೆಯರಾದ ಸಾವುಕಾರರು ಮೊದಲೇ ಹೇಳಿದ್ದರು: "ಕೊಟ್ಟ ಪೆಟ್ರೋಲ್ ತಿಂಗಳಾ ಪೂರ್ತಿ ಬರಲಿಲ್ಲಂದ್ರ ಗಾಡಿ ಶೆಡ್ಡಿಗೆ, ನೀ ಮನಿಗೆ."

ಟೈಮಿಂಗು

ಎಂಜಿನ್ನಿನೊಳಗೆ ಕಿಡಿ ತಡವಾಗಿ ಹತ್ತಿದರೆ ಪೆಟ್ರೋಲು ದಂಡ. ಅದನ್ನು ಸರಿಮಾಡುತ್ತಿದ್ದಾಗ ಅಳವಂಡಿಯ ಗೌಡರೊಬ್ಬರು ಬಂದು, "ಏನ್ ಮಾಡಾಕತ್ತೀಪಾ?" ಎಂದರು.

"ಟೈಮಿಂಗ್ ಸ್ವಲ್ಪ ಮುಂದ ತರಾಕತ್ತೀನ್ರಿ."

ಮರುದಿನ ಅಳವಂಡಿಯ ಜನ ನಸುಕಿನಲ್ಲೇ ಚಕ್ಕಡಿ ಹೂಡಿಕೊಂಡು ಬಂದು ಕೊಪ್ಪಳದ ಸ್ಟ್ಯಾಂಡಿನಲ್ಲಿ ಕುಳಿತಿದ್ದರು. ನಾನು ಎಂದಿನ ಹೊತ್ತಿಗೇ ಹೋದೆ. ಗೌಡರು ಕೆಂಡವಾದರು: "ಟೈಮ್ ಮುಂದ ತಂದಾಂವನೂ ನೀನ, ತಡಾ ಮಾಡಿ ಬಂದಾಂವನೂ ನೀನ!"

ಮಿಕ್ಸ್ಚರು

ಕಾರ್ಬುರೇಟರಿನ ಸ್ಕ್ರೂ ತಿರುವಿ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು ಮಾಡಿದ್ದೆ. ಏರಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಪಕ್ಕದಲ್ಲಿ ಕುಳಿತಿದ್ದ ದವಾಖಾನೆಯ ಕಂಪೌಂಡರಿಗೆ, "ಮಿಕ್ಸ್ಚರ್ ತೆಳ್ಳಗ ಮಾಡೀನ್ರಿ, ಅದಕ್ಕ" ಎಂದೆ.

ಅವರು ಕಿವಿಯ ಹತ್ತಿರ ಬಂದರು. "ಔಷಧ ಎಲ್ಲೈತ್ರಿ ಈಗ? ನಾನೂ ಮಿಕ್ಸ್ಚರಿಗೆ ನೀರು ಕೂಡಿಸಿ ತೆಳ್ಳಗ ಮಾಡ್ತೀನಿ. ಆದ್ರ ನಮ್ಮ ಪೇಶಂಟು ಹಿಂಗ ಎಲ್ಲಾರ ಮುಂದ ತೋರಿಸಿಕೊಡೂದಿಲ್ರಿ!"

ನಕ್ಕೆ. ಆಮೇಲೆ ಆ ದವಾಖಾನೆಯ ಬಾಗಿಲಲ್ಲಿ ಕಾಯುವವರ ಮುಖ ನೆನಪಾಗಿ ಮನಸ್ಸು ಪಿಚ್ಚೆಂದಿತು. ಇಲ್ಲದ ಕಾಲದಲ್ಲಿ ಎಲ್ಲರೂ ತೆಳ್ಳಗೆ ಮಾಡುವವರೇ.

ಸೀನು

ತಿಂಗಳ ಕೊನೆ. ಟ್ಯಾಂಕಿನಲ್ಲಿದ್ದುದು ಕುಷ್ಟಗಿ ಮುಟ್ಟುವಷ್ಟೇ. ಹೆಣ್ಣು ನೋಡಲು ಹೊರಟ ಒಂದು ಮನೆಯವರೇ ಬಸ್ಸು ತುಂಬ. ಹೊರಡುವಾಗ ಕಾರ್ಬುರೇಟರು ಒಮ್ಮೆ "ಆಕ್ಷೀ!" ಎಂದಿತು.

"ಒಂಟಿ ಸೀನು! ಇಳೀರೆಪ್ಪಾ ಎಲ್ಲಾರೂ," ಎಂದರು ಆ ಮನೆಯ ಹಿರಿಯರು.

"ಇದು ಮಷೀನ್ರಿ, ಯಜಮಾನ್ರ."

"ಯಾರ ಸೀನಿದ್ರೂ ಸೀನ. ಇನ್ನೊಂದು ಸೀನಸು, ಜೋಡಿ ಆದ್ರ ಹತ್ತತೀವಿ."

ಬೇರೆ ದಾರಿಯಿಲ್ಲದೆ ಆಕ್ಸಿಲರೇಟರ್ ಒದ್ದೆ. ಹಾಳಾದ್ದು ಎರಡು ಸಲ ಸೀನಿ ಲೆಕ್ಕ ಮೂರಾಯಿತು. ಮತ್ತೆ ಒದ್ದು ಒದ್ದು ನಾಲ್ಕು ಮಾಡಿಸಿದೆ. ಅವರು ನಗುತ್ತ ಹತ್ತಿದರು. ಸುರಿದುಹೋದ ಪೆಟ್ರೋಲು ನೆನೆದು ನನಗೆ ಮಾತ್ರ ಅಳು ಬರುವಂತಿತ್ತು.

ಕುಷ್ಟಗಿ ಕಾಣುವಷ್ಟರಲ್ಲಿ ಟ್ಯಾಂಕು ಒಣಗಿತು. ಹೆಣ್ಣು ನೋಡುವವರೆಲ್ಲ ಇಳಿದು ತಳ್ಳಿದರು. ಸ್ಟ್ಯಾಂಡಿನಲ್ಲಿ ಸಾವುಕಾರರೇ ನಿಂತಿದ್ದರು. ನನ್ನ ಅನ್ನ ಹೋಯಿತೆಂದುಕೊಂಡೆ.

ಹಿರಿಯರು ಬೆವರೊರೆಸಿಕೊಳ್ಳುತ್ತ ಮುಂದೆ ಬಂದರು. "ಇವಂದೇನೂ ತಪ್ಪಿಲ್ರಿ ಸಾವ್ಕಾರ್ರ. ಹೊರಡೂ ಮುಂದ ಗಾಡಿ ಸೀನಿತ್ರಿ."

ಸಾವುಕಾರರು ಬೆಚ್ಚಿದರು. ಪೆಟ್ರೋಲಿನ ಮಾತೇ ಎತ್ತದೆ ನನಗೆ ಗದರಿದರು:

"ಏ ಮಂಗ್ಯಾ! ಸೀನಿದ ಕೂಡ್ಲೇ ಬಿಡ್ತಾರೇನೋ? ನಾಳಿಂದ ಗಾಡಿಗೆ ಒಂದೀಟು ನೀರು ಕುಡಿಸಿ, ಆಮ್ಯಾಲೆ ಹೊರಡು!"