ಹೊಳಲ್ಕೆರೆಗೆ ಹೋದ ಮೀನಿನ ಮೊಟ್ಟೆ

ಹೆಣ್ಣು ನೋಡಲು ಹೋಗುವ ಗಂಡು ತನ್ನ ಉದ್ಯೋಗದ ಘನತೆಯನ್ನು ಸಾಕ್ಷಿಸಮೇತ ತೋರಿಸಬೇಕೆಂಬುದು ನನ್ನ ದೃಢ ನಂಬಿಕೆಯಾಗಿತ್ತು. ಆದ್ದರಿಂದ ಕೈಚೀಲದಲ್ಲಿ ಒಂದು ಬಾಟಲಿ ಇಟ್ಟುಕೊಂಡೇ ಹೊಳಲ್ಕೆರೆಯ ಬಸ್ಸು ಹತ್ತಿದೆ.

ಎಪ್ಪತ್ತರ ದಶಕದ ಮಾತು. ಹಿರಿಯೂರು ಕಡೆಯ ಆದಿವಾಲದವನಾದ ನನಗೆ ಕರಾವಳಿಯ ಒಂದು ಕಚೇರಿಯಲ್ಲಿ ಕೆಲಸ. ದೋಣಿಯವರು ಬಲೆಯಲ್ಲಿ ಸೋಸಿ ತಂದ ಸಮುದ್ರದ ನೀರಿನಲ್ಲಿ ಬೂತಾಯಿ ಎಂಬ ಸಣ್ಣ ಮೀನಿನ ಮೊಟ್ಟೆಗಳನ್ನು ಎಣಿಸಬೇಕು. ಅದನ್ನು ಗುಣಿಸಿ, ಸಮುದ್ರದಲ್ಲಿ ಎಷ್ಟು ಮೀನು ಮೊಟ್ಟೆಯಿಡುತ್ತಿವೆ, ಒಟ್ಟು ಎಷ್ಟು ಮೀನಿವೆ ಎಂದು ಅಂದಾಜಿಸಬೇಕು. ಸಂಜೆಯಾದರೆ ಬಾಡಿಗೆ ಕೋಣೆ. ಆ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಒಂಟಿತನ ತಡೆಯಲಾರದೆ ಮದುವೆಗೆ ಒಪ್ಪಿದ್ದೆ. ಈ ಸಂಬಂಧ ಕುದುರಲೇಬೇಕಿತ್ತು.

ಹೆಣ್ಣಿನ ಮನೆಯವರು ಮಡಿವಂತರು, ನಮ್ಮಂತೆಯೇ ಮೀನು ಮುಟ್ಟದವರು. ನಾನು ಸಮುದ್ರದ ಆಫೀಸಿನಲ್ಲಿದ್ದೇನೆಂದಷ್ಟೇ, ಈ ಸಂಬಂಧ ತಂದು ಜೊತೆಗೂ ಬಂದಿದ್ದ ನನ್ನ ಸೋದರಮಾವ ಅವರಿಗೆ ಹೇಳಿದ್ದ. ಬಾಟಲಿ ತೆಗೆದು, ಇದು ಸಮುದ್ರದ ನೀರು ಎಂದು ನಾನು ಆರಂಭಿಸಿದೆನಷ್ಟೆ. ಹೆಣ್ಣಿನ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ನೇರ ದೇವರ ಗೂಡಿಗೆ ಒಯ್ದರು! ಸಮುದ್ರ ಕಾಣದ ಸೀಮೆ, ತೀರ್ಥವೆಂದೇ ತಿಳಿದರು. ನಾನು ಬಾಯಿ ಬಿಡುವಷ್ಟರಲ್ಲಿ ಕುಂಕುಮ ಏರಿಸಿ, ಹೂವು ಅದ್ದಿ, ಎಲ್ಲರ ಮೇಲೂ ಪ್ರೋಕ್ಷಿಸಿದರು. ಮೊಟ್ಟೆ ಕೆಡದಿರಲೆಂದು ಹಾಕಿದ್ದ ಔಷಧದ ಘಾಟಿಗೆ ಮನೆಮಂದಿಯ ಕಣ್ಣಲ್ಲೆಲ್ಲ ನೀರು. ಅಜ್ಜಿ ಅದನ್ನು ಭಕ್ತಿಯೆಂದರು.

ಆಮೇಲೆ ಉದ್ಧರಣೆಯಲ್ಲಿ ತುಂಬಿ ಹೆಣ್ಣಿನ ತಂದೆಯ ಅಂಗೈಗೆ ಹಾಕಿದರು. ಇನ್ನು ಸುಮ್ಮನಿರುವಂತಿರಲಿಲ್ಲ.

"ಕುಡೀಬ್ಯಾಡ್ರಿ, ಅದ್ರಾಗೆ ಮೀನಿನ ಮೊಟ್ಟೆ ಅವೆ."

ಅಜ್ಜಿ ಬಚ್ಚಲಿಗೆ ಓಡಿದರು.

ನಾನು ಮೀನು ತಿನ್ನುವವನಲ್ಲ, ಮೊಟ್ಟೆ ಎಣಿಸುವವನು ಮಾತ್ರ, ಒಂದು ಬಾಟಲಿಯಿಂದ ಇಡೀ ಸಮುದ್ರದ ಅಂದಾಜು ಸಿಗುತ್ತದೆ ಎಂದು ಸಮಜಾಯಿಷಿ ಕೊಟ್ಟೆ. ಅಂದಾಜು ಎಷ್ಟು ಖಚಿತ ಎಂದು ತಂದೆ ಕೈ ತೊಳೆಯುತ್ತ ಕೇಳಿದರು. ಅರ್ಧವೂ ಇರಬಹುದು, ಎರಡರಷ್ಟೂ ಇರಬಹುದು ಎಂದು ಪ್ರಾಮಾಣಿಕವಾಗಿ ಹೇಳಿದೆ. ಅವರು ನನ್ನ ಸೋದರಮಾವನತ್ತ ತಿರುಗಿ, ಹುಡುಗನ ವಯಸ್ಸೂ ಇದೇ ಲೆಕ್ಕದಲ್ಲಿ ಹೇಳಿದ್ದೋ ಎಂದರು.

ಬಾಗಿಲ ಬಳಿ ನಿಂತಿದ್ದ ಹುಡುಗಿ ಮೊದಲ ಸಲ ಬಾಯಿ ತೆರೆದಳು.

"ಆ ಮೊಟ್ಟೆ ನೋಡ್ಕಳಾಕೆ ತಾಯಿ ಮೀನು ಇರಲ್ವಾ?"

ಇಲ್ಲ, ಇಟ್ಟು ಹೋಗಿಬಿಡುತ್ತದೆ, ಮೊಟ್ಟೆ ಒಂಟಿಯಾಗಿ ತೇಲುತ್ತದೆ ಎಂದೆ. ಅವಳ ಕಣ್ಣಲ್ಲಿ ಕನಿಕರ ಕಂಡಿತು. ನಾನೂ ಒಂಟಿ ಎಂದು ಹೇಳಲು ಇದಕ್ಕಿಂತ ಸುಮುಹೂರ್ತವುಂಟೇ! ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಾನು ಅವುಗಳಲ್ಲಿ ಸಾವಿರಕ್ಕೆ ಎಷ್ಟು ಸಾಯುತ್ತವೆ ಎಂದು ವಿವರಿಸತೊಡಗಿದೆ. ಅವಳು ಒಳಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟ.

"ಬಿಡಲೇ, ಹೊಸದುರ್ಗದಾಗೆ ಇನ್ನೊಂದು ಮನೆ ಐತೆ, ಹೋಗಾಣ."

ನಾನು ಒಲ್ಲೆನೆಂದೆ. ಒಂದು ಮನೆಯ ಮಾದರಿ ಸಾಕಿತ್ತು. ಅದನ್ನೇ ಇಡೀ ಚಿತ್ರದುರ್ಗ ಜಿಲ್ಲೆಗೆ ಗುಣಿಸಿದೆ. ನನ್ನನ್ನು ಒಪ್ಪುವ ಹುಡುಗಿಯರ ಅಂದಾಜು ಸಂಖ್ಯೆ ಸೊನ್ನೆ ಬಂತು. ನಿವೃತ್ತಿಯವರೆಗೆ ನಾನು ಮಾಡಿದ ಅಂದಾಜುಗಳಲ್ಲಿ ಕರಾರುವಾಕ್ಕಾಗಿ ನಿಜವಾದದ್ದು ಇದೊಂದೇ!