ಗೇಣುದ್ದದ ಬಸ್ಸು

ಕಂಡಕ್ಟರ್ ಲಗಮಣ್ಣನಿಗೆ ಬುದ್ಧಿ ಇರಲಿಲ್ಲವೆಂದಲ್ಲ; ಇದ್ದಷ್ಟನ್ನೂ ಒಂದು ಬಾಟಲಿಯ ಮೇಲೆ ಖರ್ಚು ಮಾಡಿಬಿಟ್ಟಿದ್ದ. ಬಾಟಲಿ ಆನ್‌ಲೈನಿನಲ್ಲಿ ತರಿಸಿದ್ದು, ಒಳಗೆ ಹಾಲಿನಂಥ ರಬ್ಬರ್ ದ್ರವ. ಬಣ್ಣ ತಾಗಬಾರದ ಕಡೆ ಅದನ್ನು ಬಳಿಯಬೇಕು, ಒಣಗಿದ ಮೇಲೆ ಬಣ್ಣ ಹೊಡೆಯಬೇಕು, ಆಮೇಲೆ ಕೆನೆಯಂತೆ ಎತ್ತಿ ತೆಗೆಯಬೇಕು.

ಬಣ್ಣಕ್ಕೆ ಕಾಯುತ್ತಿದ್ದುದು ಅವನು ಮೂರು ತಿಂಗಳು ಕೂತು ಜೋಡಿಸಿದ ಗೇಣುದ್ದದ ಪ್ಲಾಸ್ಟಿಕ್ ಬಸ್ಸು. ಅಂದು ನಾಲ್ಕು ಗಂಟೆಗೆ ಡಿಪೋದ ಬಸಗೊಂಡಪ್ಪ ಸಾಹೇಬರಿಗೆ ನಿವೃತ್ತಿಯ ಸನ್ಮಾನ. ಬಸ್ಸು ಕೈಗಿಟ್ಟು, ರಾತ್ರಿ ಚಿಮ್ಮಡದಲ್ಲೇ ತಂಗುವ ವಸ್ತಿ ಬಸ್ಸಿನಿಂದ ತನ್ನನ್ನು ಬಿಡಿಸಿರೆಂದು ಕೇಳುವುದು ಅವನ ಹಂಚಿಕೆ. ಮದುವೆಯಾಗಿ ಎಂಟು ತಿಂಗಳಾದರೂ ವಾರಕ್ಕೆ ಆರು ರಾತ್ರಿ ಅವನ ಹಾಸಿಗೆ ಬಸ್ಸಿನ ಹಿಂದಿನ ಸೀಟೇ.

"ಇವತ್ತ ವಸ್ತಿ ತಪ್ಪಲಿಲ್ಲಂದ್ರ ನಾ ತೇರದಾಳಕ್ಕ ತವರಮನಿಗೆ ಹೋಗಾಕಿ," ಎಂದಿದ್ದಳು ಹೆಂಡತಿ ಪೂನಮ್. "ನೀವು ಬಸ್ಸಿನ ಕೂಡನ ಸಂಸಾರ ಮಾಡ್ರಿ."

ಬೆಳಿಗ್ಗೆ ಬಾಟಲಿ ತೆರೆಯಹೊರಟಾಗಲೇ ಪಕ್ಕದ ಪಂಕ್ಚರ್ ಅಂಗಡಿಯ ಮುತ್ತಪ್ಪ ಬಂದು ಕೂತ. "ಲಗಮಣ್ಣಾ, ನನ್ನ ಸಲೂಷನ್ ಹಚ್ಚು. ಅದೂ ರಬ್ಬರ, ಇದೂ ರಬ್ಬರ. ಯಾವದ ಹಚ್ಚಿದ್ರೂ ಮೊದಲ ಒಂದ ಮುರುಕ ಡಬ್ಬಿ ಮ್ಯಾಲ ಹಚ್ಚಿ ನೋಡು."

"ಟ್ಯೂಬಿಗೆ ತ್ಯಾಪಿ ಹಾಕಾವಗ ಕಲಾ ಏನ ತಿಳಿತೈತಿ?" ಎಂದ ಲಗಮಣ್ಣ. ಮೊದಲು ಬೇರೆಡೆ ಹಚ್ಚಿ ನೋಡಿರೆಂದು ಬಾಟಲಿಯ ಮೇಲೂ ಬರೆದಿತ್ತು, ಓದುವವನು ಬೇಕಲ್ಲ!

ಮುಚ್ಚಳ ತೆರೆದದ್ದೇ ತಡ, ಮೂಗು ಸುಡುವ ಘಾಟು ಮನೆಯೆಲ್ಲ ಹರಡಿತು. ಅಡುಗೆಮನೆಯಿಂದ ತಾಯಿ ಹೊಳೆವ್ವ ಕೂಗಿದಳು: "ಲೇ ಲಗಮ್ಯಾ, ಯಾರಲೇ ಒಳಗ ಕುರಿ ತಂದ ಕಟ್ಟಿದವರು?"

ಬ್ರಶ್ಶನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಬೇಕು. ಈ ಪಂಡಿತ ಅದ್ದಲಿಲ್ಲ. ಎರಡು ಕಿಟಕಿ ಮುಗಿಯುವಷ್ಟರಲ್ಲಿ ಬ್ರಶ್ಶಿನ ಕೂದಲೆಲ್ಲ ಗಂಟುಬಿದ್ದು, ಉಳಿದದ್ದನ್ನು ಕಸಬರಿಗೆ ಕಡ್ಡಿಯಿಂದ ಬಳಿದ. ನಸುಕಿನಲ್ಲಷ್ಟೇ ಹೊಡೆದಿದ್ದ, ಇನ್ನೂ ಪೂರ್ತಿ ಒಣಗದ ಬಿಳಿ ಪಟ್ಟಿಯ ಮೇಲೂ ಬಳಿದ. ಒಣಗಿದ ಮೇಲೆ ಕೆಂಪು ಬಣ್ಣ ಹೊಡೆದು, ಮೀಸೆ ತಿರುವುತ್ತ ಚಹಾ ಕುಡಿಯಲು ಹೋದ.

ತಿರುಗಿ ಬಂದಾಗ ಹೊಳೆವ್ವ ಕಣ್ಣು ಮುಚ್ಚಿ ಬಸ್ಸಿಗೆ ಕೈಮುಗಿಯುತ್ತಿದ್ದಳು. ಹಸಿ ಚಾವಣಿಯ ತುಂಬ ಬೀರಪ್ಪ ದೇವರ ಭಂಡಾರದ ಅರಿಶಿನಪುಡಿ, ಹಳದಿಯೋ ಹಳದಿ.

"ಯವ್ವಾ! ಏನ ಮಾಡಿದಿಬೇ?"

"ಹೊಸಾ ಗಾಡಿ, ಭಂಡಾರ ಹಚ್ಚಲಾರದ ಹೊರಗ ಹಾಕತಾರೇನೋ ಮೂರ್ಖಾ?"

ಒರೆಸಹೋದರೆ ಬಣ್ಣವೇ ಕಿತ್ತು ಬರುವಂತಿತ್ತು. ಬಿಟ್ಟ. ಮೂರು ಗಂಟೆಗೆ ರಬ್ಬರ್ ಪದರ ಎಳೆದ. ಕಿಟಕಿಗಳು ಹೊಳೆದವು, ಅವನ ಜನ್ಮದಲ್ಲಿ ನೆಟ್ಟಗಾದ ಮೊದಲ ಕೆಲಸ. ಆಮೇಲೆ ಪಟ್ಟಿ ಎಳೆದ. ಬಿಳಿ ಬಣ್ಣವೂ ಜೊತೆಗೇ ಎದ್ದಿತು, ಬಾಗಿಲ ಹತ್ತಿರದ ಕೆಂಪೂ ಎದ್ದಿತು.

"ಹೇಳಿದ್ನಿಲ್ಲೋ?" ಎಂದ ಮುತ್ತಪ್ಪ, ಪರಮ ಸಂತೋಷದಿಂದ.

ಲಗಮಣ್ಣ ಬಸ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು ಡಿಪೋಕ್ಕೆ ಓಡಿದ.

ಬಸಗೊಂಡಪ್ಪ ಸಾಹೇಬರು ಚಷ್ಮಾ ಏರಿಸಿ ಬಸ್ಸನ್ನು ತಿರುತಿರುಗಿಸಿ ನೋಡಿದರು. "ಅಬಬಬ! ಮ್ಯಾಲ ನಮ್ಮ ರೋಡಿನ ಧೂಳಾ! ಇಲ್ಲಿ ಕಬ್ಬಿನ ಟ್ರ್ಯಾಕ್ಟರ ತಿಕ್ಕಿದ ಗೀರಾ! ಖರೆ ಬಸ್ಸಂದ್ರ ಹಿಂಗ ಇರತೈತಿ ನೋಡ್ರಿ!"

ಚಪ್ಪಾಳೆ ಬಿದ್ದವು. ಲಗಮಣ್ಣನ ಎದೆ ಉಬ್ಬಿತು. "ಹೂಂನ್ರಿ, ಬೇಕಂತನ ಮಾಡೇನ್ರಿ."

"ಇಷ್ಟ ನಾಜೂಕ ಕೆಲಸಕ್ಕ ಪುರಸೊತ್ತ ಎಲ್ಲಿ ಸಿಗತೈತೋ ತಮ್ಮಾ?"

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಇಂಥವರಿಗೇ ಹೇಳಿದ್ದು. "ಚಿಮ್ಮಡದಾಗ ಸಂಜಿಕ ಗಾಡಿ ನಿಂತಮ್ಯಾಲ ಏನೂ ಕೆಲಸ ಇರಂಗಿಲ್ರಿ. ಶಾಂತ ಕುಂತ ಮಾಡತೇನ್ರಿ. ಅದಕ್ಕ ಸಾಹೇಬ್ರ, ಆ ವಸ್ತಿದ್ದ ಒಂದ ವಿನಂತಿ..."

"ತಿಳೀತು, ತಿಳೀತು!" ಸಾಹೇಬರು ಪಕ್ಕದಲ್ಲಿ ಕೂತಿದ್ದ ಹೊಸ ಸಾಹೇಬರತ್ತ ತಿರುಗಿದರು. "ಈ ಕಲಾವಿದನ ವಸ್ತಿ ಯಾರೂ ಕಸಗೋಬಾರದ್ರಿ. ಹಗಲ ಡ್ಯೂಟಿ ಹಾಕಿದ್ರ ಕಲಾ ಸಾಯತೈತಿ."

ಹೊಸ ಸಾಹೇಬರ ಕಣ್ಣು ಆಗಲೇ ಬಸ್ಸಿನ ಮೇಲಿತ್ತು. "ಈಗ ಬರದ ಕೊಡತೇನ್ರಿ. ನನಗೊಂದ ಎರಡ ಗೇಣಿಂದ ಮಾಡಪಾ."

ಹೊರಗೆ ಬರುತ್ತಲೇ ಪೂನಮ್‌ಳ ಫೋನು ಬಂತು. "ಏನಾತ್ರಿ?"

"ಸಾಹೇಬ್ರು ಭಾಳ ಖುಷಿ ಆದ್ರು."

"ಮತ್ತ ವಸ್ತಿ?"

"ಕಾಯಂ ಆತು," ಎಂದ ಲಗಮಣ್ಣ.